ತವರಿಗೆ ಬಂದ ಅಂತರಗಂಗೆಯರು

“ಆಯಿ, ಇದಕ್ಕೂ ಉಡಿ ತುಂಬ್ತೀಯೇನ?”

ಸುಂದ್ರಿ ಎರಡೂ ಕೈ ಬೊಗಸೆ ಮಾಡಿ ನಿಂತಿದ್ದಳು. ಬೊಗಸೆಯಲ್ಲಿ ಒಂದು ಹಸಿರು ಗಿಡವಿತ್ತು. ಎಳೆ ಕೋಸಿನಂತೆ ಅರಳಿದ ಎಲೆಗಳು, ಕೆಳಗೆ ಬಿಳಿ ಗಡ್ಡದಂತೆ ಜೋತುಬಿದ್ದ ಬೇರುಗಳು. ಬೇರಿನಿಂದ ನೀರು ತೊಟ್ಟಿಕ್ಕಿ ಅವಳ ಶಾಲೆಯ ಲಂಗ ಒದ್ದೆಯಾಗುತ್ತಿತ್ತು.

ಆಯಿ ಎಂದರೆ ಸುಂದ್ರಿಯ ಅಪ್ಪನ ತಾಯಿ ಕಾಳವ್ವ. ಅವಳು ಅವಸರ ಮಾಡಲಿಲ್ಲ. ಗಿಡದ ಎಲೆಗೆ ಅರಿಶಿನ ಹಚ್ಚಿದಳು, ಕುಂಕುಮ ಹಚ್ಚಿದಳು. ನಾಲ್ಕು ಕಾಳು ಅಕ್ಕಿ, ಒಂದು ಉತ್ತತ್ತಿ, ಒಂದು ಅಡಿಕೆಯನ್ನು ಎಲೆಗಳ ನಡುವೆ ಇಟ್ಟಳು. ಅಡಿಕೆ ಜಾರಿ ಕೆಳಗೆ ಬಿತ್ತು. ಹೆಕ್ಕಿ ಮತ್ತೆ ಇಟ್ಟಳು.

“ಗಂಡನ ಮನಿಗೆ ಹೊಂಟಾಳ. ಬರಿಗೈಲೆ ಕಳಸ್ತಾರೇನ?” ಎಂದಳು.

ಗಂಡನ ಮನೆ ಎಂದರೆ ಎದುರು ಸಾಲಿನ ಹೊಳೆವ್ವನ ಮನೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಹೊಳೆವ್ವನ ದನಗಳು ನೀರು ಕುಡಿಯುವ ಕಲ್ಲಿನ ತೊಟ್ಟಿ.

ಇದೆಲ್ಲ ಒಂದು ಗಾಜಿನ ಪೆಟ್ಟಿಗೆಯಿಂದ ಶುರುವಾಗಿತ್ತು. ಸುಂದ್ರಿಯ ಸೋದರಮಾವ ಕಾಕಾಸಾಹೇಬ ಏಕಸಂಬಿಯವನು. ಬದನೆಕಾಯಿ ಹೇರಿಕೊಂಡು ಕೊಲ್ಹಾಪುರದ ಪೇಟೆಗೆ ಹೋಗಿಬರುವವನು. ದೀಪಾವಳಿಗೆ ಬಂದಾಗ ಒಂದು ಹಳೆಯ ಫಿಶ್ ಟ್ಯಾಂಕನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕೆಂಪು ಮೀನು. ಸುಂದ್ರಿ ಅದಕ್ಕೆ ರಾಜಾ ಎಂದು ಹೆಸರಿಟ್ಟಳು. ಗಾಳಿಯ ಗುಳ್ಳೆ ಬಿಡುವ ಪುಟ್ಟ ಮಷಿನೂ ಬಂದಿತ್ತು. ಕರೆಂಟು ಹೋಗಿ ಬಂದು, ಹೋಗಿ ಬಂದು, ಅದು ಒಂದು ವಾರವೂ ಬಾಳಲಿಲ್ಲ.

ಇಡೀ ಜುಗೂಳ ಊರಿನಲ್ಲಿ ಗಾಜಿನ ಮನೆಯಲ್ಲಿರುವ ಮೀನು ಅದೊಂದೇ. ಟಿ.ವಿ. ನೋಡಲು ಬಂದವರು ಕರೆಂಟು ಹೋದಾಗ ರಾಜಾನ ಕಡೆ ತಿರುಗಿ ಕೂರುತ್ತಿದ್ದರು.

ಟ್ಯಾಂಕನ್ನು ದೇವರ ಜಗುಲಿಯ ಪಕ್ಕದ ಕಟ್ಟೆಯ ಮೇಲೆ ಇಟ್ಟಿದ್ದರು. ಆಯಿ ಮೊದಲು ಮೂಗು ಮುರಿದಳು. ಅಪ್ಪ ಅದಕ್ಕೆ ಕೃಷ್ಣಾ ಹೊಳೆಯ ನೀರು ತುಂಬಿದ್ದನ್ನು ನೋಡಿದ ಮೇಲೆ ಅವಳ ಮುಖ ತಿಳಿಯಾಯಿತು. ಹೊಳೆಯ ನೀರು ಬಂದಲ್ಲಿ ತಾಯಿಯೇ ಬಂದ ಹಾಗೆ ಎಂದು ಗಾಜಿಗೆ ಒಂದು ಕುಂಕುಮದ ಬೊಟ್ಟು ಇಟ್ಟಳು. ಅಂದಿನಿಂದ ಆಯಿಯ ಬೆಳಗು ಹೀಗೆ ಸಾಗುತ್ತಿತ್ತು: ದೇವರ ತಲೆಯ ಮೇಲಿನ ನಿನ್ನೆಯ ಹೂ ತೆಗೆದು ತಟ್ಟೆಗೆ ಹಾಕುವುದು, ಇಂದಿನ ಹೂ ಏರಿಸುವುದು, ದೀಪ ಹಚ್ಚುವುದು, ಆ ದೀಪದ ಬೆಳಕಿನಲ್ಲಿ ರಾಜಾನನ್ನು ಒಂದು ಸಲ ನೋಡುವುದು.

ಸಂಕ್ರಾಂತಿಯ ದಿನ ಹೊಳೆಗೆ ಸ್ನಾನಕ್ಕೆ ಹೋದಾಗ ಸುಂದ್ರಿ ದಂಡೆಯಲ್ಲಿ ತೇಲುತ್ತಿದ್ದ ಒಂದು ಅಂತರಗಂಗೆಯನ್ನು ತಂದು ಟ್ಯಾಂಕಿಗೆ ಬಿಟ್ಟಳು. ಮಣ್ಣು ಬೇಡದ, ನೀರಿನ ಮೇಲೆ ತೇಲುತ್ತಲೇ ಬೆಳೆಯುವ ಗಿಡ ಅದು. ರಾಜಾ ಅದರ ಬೇರಿನಲ್ಲಿ ಅಡಗಿ, ಹೊರಗೆ ಇಣುಕಿ, ಮತ್ತೆ ಅಡಗಿದ. ಜಪ ಮಾಡುತ್ತಿದ್ದ ಆಯಿಯೂ ಮಣಿ ನಿಲ್ಲಿಸಿ ನಕ್ಕಳು.

ಕೆಲವು ದಿನಗಳಲ್ಲಿ ಗಿಡ ಒಂದು ದಾರ ಬಿಟ್ಟಿತು. ದಾರದ ತುದಿಗೆ ಒಂದು ಮರಿ. ಮರಿ ಬೆಳೆಯಿತು, ಅದೂ ದಾರ ಬಿಟ್ಟಿತು. ಅದರ ತುದಿಗೆ ಮತ್ತೊಂದು. ಯುಗಾದಿ ಬರುವಷ್ಟರಲ್ಲಿ ಟ್ಯಾಂಕಿನ ನೀರು ಮೇಲಿನಿಂದ ಕಾಣುವುದೇ ನಿಂತುಹೋಯಿತು.

ಮಾವ ಬಂದು ನೋಡಿ ಹುಬ್ಬು ಗಂಟಿಕ್ಕಿದ. ಇದು ಬೇಗ ಹಬ್ಬುವ ಗಿಡ, ವಾರಕ್ಕೊಮ್ಮೆ ಅರ್ಧದಷ್ಟು ತೆಗೆದು ಬಿಸಾಡಲೇಬೇಕು, ಮೇಲೆ ಮುಚ್ಚಿಕೊಂಡರೆ ಕೆಳಗಿನ ಮೀನಿಗೆ ಉಸಿರು ಸಿಗುವುದಿಲ್ಲ ಎಂದು ಬಿಡಿಸಿ ಹೇಳಿದ. ಹೊರಡುವಾಗ ಬಾಗಿಲಲ್ಲಿ ನಿಂತು ಬೆರಳೆತ್ತಿದ.

“ಪಂಚಮಿಗೆ ನಿಮ್ಮವ್ವನ್ನ ಕರಿಯಾಕ ಬರ್ತೇನಲ್ಲ, ಆವಾಗ ನೋಡ್ತೇನಿ. ಮೀನ ಚೊಲೋ ಇರಲಿಲ್ಲಂದ್ರ ಟ್ಯಾಂಕ್ ಸೈತ ಏಕಸಂಬಿಗೆ ಒಯ್ಯಾಂವ ನಾನು. ಚ್ಯಾಷ್ಟಿ ಅಲ್ಲ ಮತ್ತ.”

ಸುಂದ್ರಿ ಮಾವನ ಮಾತು ಮರೆಯಲಿಲ್ಲ. ಮರುದಿನವೇ ಗಿಡಗಳನ್ನು ಬುಟ್ಟಿಗೆ ಹಾಕಿಕೊಂಡು ತಿಪ್ಪೆಯ ಕಡೆ ಹೊರಟಳು. ಹೊಸ್ತಿಲಲ್ಲಿ ಆಯಿ ಎದುರಾದಳು. ಬುಟ್ಟಿಯಿಂದ ಒಂದು ಗಿಡ ಎತ್ತಿದಳು. ದಾರದ ತುದಿಯಲ್ಲಿ ಮರಿ ಜೋತಾಡಿತು. ಆ ಓಣಿಯ ಅರ್ಧ ಕೂಸುಗಳ ಹೆರಿಗೆ ಮಾಡಿಸಿದ್ದು ಆಯಿಯೇ. ಆ ದಾರವನ್ನು ನೋಡಿದ ಕೂಡಲೇ ಅವಳಿಗೆ ಬೇರೆಯೇ ಕಂಡಿತು.

“ಹೊಕ್ಕಳಬಳ್ಳಿ ಇನ್ನೂ ಹರದಿಲ್ಲ. ಬಾಣಂತಿನ್ನ ತಿಪ್ಪಿಗಿ ಒಗ್ಯಾಕ ಹೊಂಟೀಯೇನ ನೀ?”

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು ಬಂತು. ಹೊಳೆತಾಯಿಯ ಮಕ್ಕಳನ್ನು ಬಿಸಾಡುವಂತಿಲ್ಲ. ಮರಿ ಅಂಗೈಯಷ್ಟು ಬೆಳೆಯಬೇಕು. ಆಮೇಲೆ ಒಳ್ಳೆಯ ದಿನ ನೋಡಿ, ಉಡಿ ತುಂಬಿ, ನೀರಿರುವ ಮನೆ ನೋಡಿ ಕೊಡಬೇಕು. ಮಂಗಳವಾರ ಬೇಡ, ಶುಕ್ರವಾರ ಬೇಡ, ಅಮಾವಾಸ್ಯೆಯಂತೂ ಬೇಡವೇ ಬೇಡ.

ಹೀಗೆ ಮೊದಲ ಮಗಳು ಹೊಳೆವ್ವನ ತೊಟ್ಟಿ ಸೇರಿದಳು. ಉಡಿ ತುಂಬಿ ಕೊಟ್ಟದ್ದನ್ನು ಒಲ್ಲೆ ಎನ್ನಲು ಬರುತ್ತದೆಯೇ? ಹೊಳೆವ್ವ ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈಯಿಂದ ಅದನ್ನು ಇಸಿದುಕೊಂಡು, ಕಣ್ಣಿಗೊತ್ತಿಕೊಂಡು ತೊಟ್ಟಿಗೆ ಬಿಟ್ಟಳು. ಆಮೇಲೆ ಲಕ್ಕವ್ವನ ಮನೆಗೆ ಒಬ್ಬಳು ಹೋದಳು. ಆಚೆ ಓಣಿಯ ತುಳಸವ್ವನ ಮನೆಗೆ ಒಬ್ಬಳು. ಕಳಿಸುವ ಮುಂಚೆ ಆಯಿ ಪ್ರತಿಯೊಂದಕ್ಕೂ ಹೆಸರಿಡುತ್ತಿದ್ದಳು. ತುಂಗಾ, ಭದ್ರಾ, ಕಾವೇರಿ, ಗೋದಾವರಿ, ಯಮುನಾ. ತಿಳಿದ ಹೊಳೆಗಳೆಲ್ಲ ಮುಗಿದವು. ಹಳ್ಳಗಳ ಹೆಸರು ಇಟ್ಟಳು. ಅವೂ ಮುಗಿದ ಮೇಲೆ ತನ್ನ ನಾದಿನಿಯರ ಹೆಸರು ಇಡಲು ಶುರುಮಾಡಿದಳು. ಒಂದು ಗಿಡದ ಎಲೆ ಸ್ವಲ್ಪ ಒರಟಾಗಿತ್ತು. ಅದಕ್ಕೆ ಹಿರಿಯ ನಾದಿನಿಯ ಹೆಸರು ಬಿತ್ತು.

ಆದರೂ ಕಳಿಸುವುದಕ್ಕಿಂತ ಹುಟ್ಟುವುದೇ ಹೆಚ್ಚು. ಸುಂದ್ರಿ ದಿನವೂ ಶಾಲೆಯಿಂದ ಬಂದವಳೇ ಪಾಟಿಚೀಲ ಕೆಳಗಿಟ್ಟು ರಾಜಾನನ್ನು ಹುಡುಕುತ್ತಿದ್ದಳು. ಬೇರುಗಳ ನಡುವೆ ಎಲ್ಲೋ ಒಂದು ಕೆಂಪು ಬಾಲ ಕಂಡರೆ ಆಮೇಲೆ ಚಹಾ.

ಅಷ್ಟರಲ್ಲಿ ಆಷಾಢ ಬಂತು.

ಇವತ್ತು ಎಷ್ಟು ಜನರನ್ನು ಕಳಿಸೋಣ ಎಂದು ಸುಂದ್ರಿ ಕೇಳಿದಾಗ ಆಯಿ ಅವಳನ್ನು ವಿಚಿತ್ರವಾಗಿ ನೋಡಿದಳು.

“ಆಷಾಢದಾಗ ಯಾರರ ಹೊಸಾ ಸೊಸಿನ್ನ ಗಂಡನ ಮನಿಗೆ ಕಳಸ್ತಾರೇನ? ನಿಮ್ಮ ಸಾಲ್ಯಾಗ ಇದನ್ನೂ ಕಲಿಸೂದಿಲ್ಲೇನ?”

ಇಡೀ ತಿಂಗಳು ಒಂದೂ ಗಿಡ ಹೊರಗೆ ಹೋಗಲಿಲ್ಲ. ಹೊರಗೆ ಮಳೆ, ಒಳಗೆ ಅಂತರಗಂಗೆ. ಗಿಡಗಳು ಒಂದರ ಹೆಗಲ ಮೇಲೆ ಒಂದು ಹತ್ತಿದವು. ಕೆಲವು ಗಾಜಿನ ಅಂಚು ದಾಟಿ ಜಗುಲಿಯ ಕಡೆ ಇಣುಕಿದವು. ತಾವಾಗಿಯೇ ದರ್ಶನಕ್ಕೆ ಬಂದಿವೆ ಎಂದು ಆಯಿ ಕೈಮುಗಿದಳು.

ಒಂದು ಸಂಜೆ ಸುಂದ್ರಿ ತಡೆಯಲಾರದೆ, ಆಯಿ ಮಠಕ್ಕೆ ಹೋದ ಹೊತ್ತು ನೋಡಿ, ಒಂದಿಷ್ಟು ಗಿಡಗಳನ್ನು ತಮ್ಮದೇ ಎಮ್ಮೆಯ ತೊಟ್ಟಿಗೆ ಸುರಿದಳು. ನೀರು ಕುಡಿಯಲು ಬಂದ ಎಮ್ಮೆ ಮೂತಿ ಅದ್ದಿತು, ಸೀನಿತು, ತಲೆ ಎತ್ತಿತು. ಎರಡು ಕೊಂಬಿನ ನಡುವೆ ಒಂದು ಅಂತರಗಂಗೆ ಬಾಸಿಂಗ ಕಟ್ಟಿದ ಹಾಗೆ ಕೂತಿತ್ತು. ಬೇರುಗಳು ಮುಖದ ಮೇಲೆ ಇಳಿಬಿದ್ದಿದ್ದವು. ಎಮ್ಮೆ ಮದುಮಗಳಂತೆ ತಲೆ ತಗ್ಗಿಸಿ ಅಂಗಳದಲ್ಲಿ ನಿಂತಿತು. ಅದೇ ಹೊತ್ತಿಗೆ ಆಯಿ ಮಠದಿಂದ ಬಂದಳು.

“ಆಷಾಢದಾಗ ಎಮ್ಮಿಗಿ ಮದವಿ ಮಾಡೀಯೇನ?” ಎಂದಷ್ಟೇ ಕೇಳಿದಳು. ತೊಟ್ಟಿಯಿಂದ ಗಿಡಗಳನ್ನು ಒಂದೊಂದಾಗಿ ಆರಿಸಿ, ತೊಳೆದು, ಮತ್ತೆ ಟ್ಯಾಂಕಿಗೆ ತಂದು ಬಿಟ್ಟಳು.

ಶಾಲೆಯಲ್ಲೂ ನೆಮ್ಮದಿ ಇರಲಿಲ್ಲ. ಹೊಳೆವ್ವನ ಮಗಳು ಕೆಂಪಿ ಸುಂದ್ರಿಯ ಪಕ್ಕದಲ್ಲೇ ಕೂರುವವಳು. ಅವಳು ಮಾತು ಬಿಟ್ಟಿದ್ದಳು. ಕಾರಣ ಕೇಳಿದರೆ ಮೊದಲು ಮುಖ ತಿರುಗಿಸಿದಳು, ಆಮೇಲೆ ಎಲ್ಲ ಹೊರಗೆ ಬಂತು. ಅವರ ತೊಟ್ಟಿ ತುಂಬಿಹೋಗಿದೆ. ದನಗಳು ನೀರು ಕುಡಿಯಲು ಹೆದರುತ್ತವೆ. ಉಡಿಯಲ್ಲಿ ಬಂದದ್ದನ್ನು ಎಸೆದರೆ ಒಳ್ಳೆಯದಲ್ಲ ಎಂದು ಅವರ ಅವ್ವ ಎಸೆಯಲೂ ಬಿಡುವುದಿಲ್ಲ. ದಿನಾಲೂ ಅವುಗಳನ್ನು ಸರಿಸಿ ಕೊಡ ತುಂಬುವ ಕೆಲಸ ಕೆಂಪಿಯದು.

“ನಿಮ್ಮ ಆಯಿ ಇನ್ನ ಯಾರಿಗೂ ಏನೂ ಕೊಡಬಾರ್ದು ನೋಡ,” ಎಂದಳು ಕೆಂಪಿ. “ನಮ್ಮ ಅವ್ವ ಪಂಚಮಿಗೆ ಏನೋ ಮಾಡಾಕಿ ಅದಾಳ.”

ಶ್ರಾವಣ ಹುಟ್ಟಿತು. ನಾಗರಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ. ಮನೆ ಮನೆಗೆ ಕಟಿಕಟಿ ರೊಟ್ಟಿ ಹಂಚುವ ದಿನ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಹಿಂದೆ ತವರಿಗೆ ಬರುವ ಕಾಲ. ಮಧ್ಯಾಹ್ನ ಮಾವ ಬಂದು ಅವ್ವನನ್ನು ಏಕಸಂಬಿಗೆ ಕರೆದೊಯ್ಯುವುದಿತ್ತು. ಅವ್ವ ಶಿವಗಂಗವ್ವ ಬೆಳಗಿನಿಂದ ಹಾಡು ಗುನುಗುತ್ತ ಉಂಡಿ ಕಟ್ಟುತ್ತಿದ್ದಳು. ಸುಂದ್ರಿ ಮಾತ್ರ ಟ್ಯಾಂಕಿನ ಮುಂದೆ ಕೂತಿದ್ದಳು. ರಾಜಾ ಎಷ್ಟು ಹುಡುಕಿದರೂ ಕಾಣುತ್ತಿರಲಿಲ್ಲ.

ಬಾಗಿಲಲ್ಲಿ ಬಳೆಗಳ ಸದ್ದಾಯಿತು. ಹೊಳೆವ್ವ ಬಂದಿದ್ದಳು. ಒಂದು ಕೈಯಲ್ಲಿ ರೊಟ್ಟಿಯ ತಟ್ಟೆ. ತಲೆಯ ಮೇಲೆ ಹೊಸ ಕುಪ್ಪಸದ ಬಟ್ಟೆ ಮುಚ್ಚಿದ ದೊಡ್ಡ ಬುಟ್ಟಿ. ಬುಟ್ಟಿಯಿಂದ ನೀರು ಇಳಿದು ಅವಳ ಕಿವಿಯ ಪಕ್ಕ ಸುರಿಯುತ್ತಿತ್ತು.

“ಕಾಳವ್ವಾಯಿ, ಪಂಚಮಿ ಬಂತಲ್ರಿ. ನಿಮ್ಮ ಮಗಳು ತುಂಗವ್ವ ತವರಿಗೆ ಬಂದಾಳ. ಒಬ್ಬಾಕಿನ್ನ ಕೊಟ್ಟಿದ್ರಿ, ಈಗ ಮಕ್ಕಳು, ಮೊಮ್ಮಕ್ಕಳು, ಗಿರಿಮೊಮ್ಮಕ್ಕಳು, ಎಲ್ಲಾರ್ನೂ ಕಟಗೊಂಡ ಬಂದಾಳ. ಒಳಗ ಕರಕೋರಿ.”

ಆಯಿ ಬಾಗಿಲಿಂದ ಸರಿದು ನಿಂತಳು. ಪಂಚಮಿಗೆ ಬಂದ ಮಗಳಿಗೆ ಬಾಗಿಲು ಹಾಕುವ ತವರು ಎಲ್ಲಿದೆ?

“ಬಾರವ್ವ,” ಎಂದಳು, ಬುಟ್ಟಿಯನ್ನು ನೋಡಿ.

ಹೊಳೆವ್ವನ ಹಿಂದೆ ಲಕ್ಕವ್ವ, ಲಕ್ಕವ್ವನ ಹಿಂದೆ ತುಳಸವ್ವ. ಎಲ್ಲರ ಕೈಯಲ್ಲೂ ರೊಟ್ಟಿ, ಎಲ್ಲರ ತಲೆಯ ಮೇಲೂ ಬುಟ್ಟಿ. ತುಳಸವ್ವ ತನ್ನ ಬುಟ್ಟಿಯ ಜೊತೆ ಅಕ್ಕನ ಮನೆಯದೂ ಒಂದು ತಂದಿದ್ದಳು. ಬಂದ ಹೆಣ್ಣುಮಕ್ಕಳನ್ನು ಇಡುವುದು ಎಲ್ಲಿ? ಹಂಡೆ ತುಂಬಿತು. ಕೊಡಗಳು ತುಂಬಿದವು. ಬಕೆಟ್ಟು, ಪರಾತ, ಹಾಲಿನ ಗಡಿಗೆ ತುಂಬಿದವು. ಅವ್ವ ಉಂಡಿ ಇಡಲು ಒಂದು ಡಬ್ಬಿ ಹುಡುಕಿ ಮುಚ್ಚಳ ತೆಗೆದಳು. ಒಳಗೆ ಗೋದಾವರಿ ಕೂತಿದ್ದಳು. ಅವ್ವ ಮುಚ್ಚಳ ಹಾಕಿ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ಅಷ್ಟರಲ್ಲಿ ಸುಂದ್ರಿಗೆ ರಾಜಾ ಸಿಕ್ಕಿದ. ಟ್ಯಾಂಕಿನ ಒಂದು ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಉಳಿದಿತ್ತು. ಅಲ್ಲಿ ಅವನು ಬಾಯಿ ಮೇಲೆ ಮಾಡಿ, ಮೈ ಓರೆ ಮಾಡಿ ನಿಂತಿದ್ದ. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಸಂಕ್ರಾಂತಿಯ ದಿನದ ಕೆಂಪು ಬಣ್ಣ ಅವನ ಮೈಮೇಲೆ ಇರಲಿಲ್ಲ.

ಸುಂದ್ರಿ ಅಳಲಿಲ್ಲ. ಎದ್ದು ಹೋಗಿ, ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದ ಆಯಿಯ ಸೆರಗು ಹಿಡಿದು ಎಳೆದಳು.

“ಆಯಿ, ಇಲ್ಲಿ ಬಂದು ಕೂಡು. ಮ್ಯಾಲಿಂದ ಅಲ್ಲ, ಕೆಳಗಿಂದ ನೋಡು.”

ಆಯಿ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತಳು. ಗಾಜಿಗೆ ಮುಖ ಹಚ್ಚಿದಳು. ಇಷ್ಟು ದಿನ ಅವಳು ನಿಂತುಕೊಂಡೇ ನೋಡಿದ್ದಳು. ಮೇಲಿನಿಂದ ಎಲ್ಲ ಹಸಿರು, ಎಲ್ಲ ಚಂದ. ಕೆಳಗೆ ಕತ್ತಲೆ ಇತ್ತು. ಬೇರುಗಳು ತೂಗುವ ಚಾವಣಿಯ ಕೆಳಗೆ, ಒಂದು ಮೂಲೆಯಲ್ಲಿ, ಸಣ್ಣದೊಂದು ಬಾಯಿ ತೆರೆದು ಮುಚ್ಚುತ್ತಿತ್ತು.

“ಕೆಂಪಿ ತಮ್ಮ ಹುಟ್ಟಿದಾಗ ಬಾಣಂತಿ ಕ್ವಾಣ್ಯಾಗಿಂದ ಎಲ್ಲಾರ್ನೂ ಹೊರಗ ಹಾಕಿದ್ದಿಯಲ್ಲ,” ಎಂದಳು ಸುಂದ್ರಿ. “ಯಾಕ?”

“ಹೌದ್ರಿ, ನಮ್ಮ ಅತ್ತಿನ್ನೂ ಬಿಡಲಿಲ್ಲ ನೀವು,” ಎಂದು ಹೊಳೆವ್ವ ಹಿಂದಿನಿಂದ ದನಿಗೂಡಿಸಿದಳು. ಅವಳ ದನಿಯಲ್ಲಿ ಸ್ವಲ್ಪ ಖುಷಿಯಿತ್ತು.

“ಕೂಸಿಗೆ ಗಾಳಿ ಬೇಕಲ್ಲ ಮತ್ತ,” ಎಂದಳು ಆಯಿ.

ಗಾಜಿನ ಮೇಲೆ ತಾನೇ ಇಟ್ಟ ಕುಂಕುಮದ ಬೊಟ್ಟು ಅವಳ ಮೂಗಿನ ಎದುರಿಗೇ ಇತ್ತು. ಬಳೆಗಳನ್ನು ಮೊಣಕೈ ತನಕ ಏರಿಸಿದಳು. ಎದ್ದು ನಿಂತು, ಟ್ಯಾಂಕಿನೊಳಗೆ ಕೈ ಇಳಿಸಿ, ಒಂದು ದೊಡ್ಡ ಹಿಡಿ ಎತ್ತಿದಳು. ಕಿಟಕಿಯ ಬೆಳಕು ನೀರಿನೊಳಗೆ ಧುಮುಕಿತು.

ತಿಪ್ಪೆಗೆ ಮಾತ್ರ ಹಾಕಲಾರೆ ಎಂದು ಆಯಿ ಮೊದಲೇ ಹೇಳಿಬಿಟ್ಟಳು. ಹೊಳೆಗೆ ಬಿಟ್ಟರೆ ಆಗದೇ ಎಂದಳು ಲಕ್ಕವ್ವ. ಹೊಲದಿಂದ ಆಗಷ್ಟೇ ಬಂದಿದ್ದ ಅಪ್ಪ ಮುರಗೆಪ್ಪ ಬೇಡ ಎಂದು ತಲೆಯಾಡಿಸಿದ. ಹೊಳೆ ತುಂಬಿ ಹರಿಯುತ್ತಿದೆ, ದಂಡೆಗೆ ಯಾರೂ ಹೋಗುವಂತಿಲ್ಲ. ಬಿಟ್ಟರೂ ಕೆಳಗಿನ ಊರಿನವರು ಮುಂದಿನ ಪಂಚಮಿಗೆ ಎಲ್ಲರನ್ನೂ ತವರಿಗೆ ತಂದು ಬಿಡುತ್ತಾರೆ.

ಸುಂದ್ರಿಯ ಕಣ್ಣು ಜಗುಲಿಯ ಕೆಳಗಿನ ತಟ್ಟೆಯ ಮೇಲೆ ಬಿತ್ತು. ಬೆಳಿಗ್ಗೆ ದೇವರ ತಲೆಯಿಂದ ತೆಗೆದ ನಿನ್ನೆಯ ಹೂಗಳು ಅದರಲ್ಲಿದ್ದವು. ಒಂದು ದಾಸವಾಳ ಇನ್ನೂ ಅರಳಿಕೊಂಡೇ ಇತ್ತು.

“ಆಯಿ, ಇವನ್ನ ಎಲ್ಲಿ ಹಾಕ್ತಿ?”

ಗೊತ್ತಿರುವುದನ್ನೇ ಯಾಕೆ ಕೇಳುತ್ತಾಳೆ ಎಂಬಂತೆ ಆಯಿ ನೋಡಿದಳು. ದೇವರ ಹೂ ಕಾಲಿಗೆ ಸಿಗಬಾರದು. ಅದಕ್ಕೇ ಹಿತ್ತಲಿನ ಬಿಲ್ವಪತ್ರಿ ಗಿಡದ ಬುಡಕ್ಕೆ ಹಾಕುವುದು. ಅಲ್ಲಿ ಅವು ಮಣ್ಣಾಗಿ, ಗಿಡಕ್ಕೇ ಹೋಗಿ, ಪತ್ರಿಯಾಗಿ ಮತ್ತೆ ದೇವರ ತಲೆಗೆ ಬರುತ್ತವೆ. ಇದನ್ನು ಸುಂದ್ರಿಗೆ ಹೇಳಿಕೊಟ್ಟವಳು ಆಯಿಯೇ. ಆಯಿ ಮೊದಲ ಬುಟ್ಟಿಯನ್ನು ತಾನೇ ಎತ್ತಿಕೊಂಡು ಹಿತ್ತಲಿಗೆ ನಡೆದಳು.

ಅಪ್ಪ ಪತ್ರಿ ಗಿಡದ ಸುತ್ತ ಗುಂಡಿ ತೋಡಿದ. ಹೆಂಗಸರು ಬುಟ್ಟಿ, ಕೊಡ, ಪರಾತಗಳನ್ನು ಸಾಲಾಗಿ ತಂದರು. ಆಯಿ ಪ್ರತಿಯೊಂದನ್ನೂ ಹೆಸರು ಹಿಡಿದು ಕರೆದು ಗುಂಡಿಗೆ ಇಳಿಸತೊಡಗಿದಳು. ಕೆಲವು ಹೆಸರು ಆಗುವಷ್ಟರಲ್ಲಿ ಯಾರು ತುಂಗಾ, ಯಾರು ಭದ್ರಾ, ಗುರುತು ತಪ್ಪಿತು. ಆಮೇಲೆ ಎಲ್ಲರನ್ನೂ ಒಟ್ಟಿಗೆ “ತಾಯೀ” ಎಂದಳು. ಹಿರಿಯ ನಾದಿನಿಯನ್ನು ಮಾತ್ರ ಬೇರೆಯಾಗಿ ಗುರುತಿಸಿ, ಒಂದು ಮೂಲೆಯಲ್ಲಿ ಜಾಗ ಮಾಡಿ ಇಟ್ಟಳು.

ಮಾವನ ಫಟಫಟಿಯ ಸದ್ದು ಕೇಳಿದಾಗ ಅಪ್ಪ ಮಣ್ಣು ಮುಚ್ಚಿ ಕೈ ತೊಳೆಯುತ್ತಿದ್ದ.

ಮಾವ ನೇರವಾಗಿ ಟ್ಯಾಂಕಿನ ಮುಂದೆ ಬಂದು ಬಗ್ಗಿದ. ತಿಳಿ ನೀರು. ಮೇಲೆ ಒಂದೇ ಒಂದು ಅಂತರಗಂಗೆ. ರಾಜಾ ಇನ್ನೂ ದಣಿದಿದ್ದ. ಆದರೆ ಮೈ ನೆಟ್ಟಗೆ ಮಾಡಿ ನಿಧಾನವಾಗಿ ಈಜುತ್ತಿದ್ದ. ಸುಂದ್ರಿ ಮಾವನ ಮುಖವನ್ನೇ ನೋಡುತ್ತಿದ್ದಳು.

“ಸ್ವಲ್ಪ ಸೊರಗ್ಯಾನ,” ಎಂದ ಮಾವ. “ಆದ್ರ ಮನಿ ಚೊಲೋ ಇಟ್ಟೀದಿ. ಇರಲಿ, ನಿನ್ನ ಹತ್ರನ ಇರಲಿ.”

ಕಾಲು ತೊಳೆಯಲು ಬಚ್ಚಲಿಗೆ ಹೋಗಿ ತಂಬಿಗೆ ಬಗ್ಗಿಸಿದ. ನೀರಿನ ಜೊತೆ ಒಂದು ಗಿಡ ಜಾರಿ ಅವನ ಪಾದದ ಮೇಲೆ ಕೂತಿತು. ಮಾವ ಅದನ್ನು ನೋಡಿದ, ಆಮೇಲೆ ಬಾಗಿಲಲ್ಲಿ ನಿಂತ ಆಯಿಯನ್ನು ನೋಡಿದ.

“ಅತ್ತಿಯವರ, ಇದೇನ್ರಿ?”

“ಕಾವೇರಿ,” ಎಂದಳು ಆಯಿ. “ಆಕಿ ಹಿಂದ ಉಳದಿದ್ಲು. ಕೊಡ ತಮ್ಮಾ ಇಲ್ಲೆ.”

ಹೊರಡುವ ಹೊತ್ತಾಯಿತು. ಅವ್ವ ಹೊಸ ಇಳಕಲ್ ಸೀರೆ ಉಟ್ಟು ಜಗುಲಿಯ ಮುಂದೆ ಕೂತಳು. ಆಯಿ ಸೊಸೆಗೆ ಉಡಿ ತುಂಬಿದಳು. ಅವ್ವ ಏಳುವ ಮುಂಚೆ ಮಾವ ಬಗ್ಗಿ ಉಡಿಯೊಳಗೆ ಇಣುಕಿದ. ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ. ಹಸಿರು ಏನೂ ಇಲ್ಲ. ನಿಟ್ಟುಸಿರು ಬಿಟ್ಟು ಫಟಫಟಿ ಹತ್ತಿದ.

ಅವ್ವ ತಿರುಗಿ ಬರುವ ತನಕ ಟ್ಯಾಂಕಿನ ಕೆಲಸ, ಮುಸುರೆಯ ಕೆಲಸ ಎರಡೂ ಸುಂದ್ರಿಯ ಪಾಲಿಗೆ ಬಂದವು. ಕೆಂಪಿ ದಿನವೂ ಬಂದು ಪಾತ್ರೆ ಒರೆಸಿಕೊಟ್ಟು ಹೋಗುತ್ತಿದ್ದಳು. ಮಾತೂ ಶುರುವಾಗಿತ್ತು.

ಶ್ರಾವಣದ ಒಂದು ಬೆಳಿಗ್ಗೆ ಸುಂದ್ರಿ ರಾಜಾನಿಗೆ ರೊಟ್ಟಿಯ ಚೂರು ಹಾಕುವಾಗ ನೋಡಿದಳು. ಅಂತರಗಂಗೆ ಮತ್ತೆ ದಾರ ಬಿಟ್ಟಿತ್ತು. ತುದಿಯಲ್ಲಿ ಹೆಸರುಕಾಳಿನಷ್ಟು ಮರಿ, ಎರಡು ಎಲೆ ಜೋಡಿಸಿ ಕೈಮುಗಿದ ಹಾಗೆ ಇತ್ತು. ಅವಳು ಬಹಳ ಹೊತ್ತು ಅದನ್ನು ನೋಡಿದಳು. ಆಮೇಲೆ ಎರಡು ಬೆರಳಿನಿಂದ ಮೆಲ್ಲಗೆ ಬಿಡಿಸಿಕೊಂಡಳು.

ಜಗುಲಿಯ ಮುಂದೆ ಕೂತಿದ್ದ ಆಯಿ ತಿರುಗಲಿಲ್ಲ. ಆದರೆ ಅವಳ ಕಿವಿ ಇತ್ತ ಕಡೆಯೇ ಇತ್ತು.

“ಹೆಸರ ಇಟ್ಟೀಯೇನ ಅದಕ್ಕ?”

“ಇನ್ನೂ ಇಲ್ಲ ಆಯಿ.”

“ಚೊಲೋ ಆತು,” ಎಂದಳು ಆಯಿ. ದೇವರ ತಲೆಯ ಮೇಲಿನ ಹೂಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ನಿನ್ನೆಯ ಮಲ್ಲಿಗೆ ಇನ್ನೂ ಬಾಡಿರಲಿಲ್ಲ. ಘಮ ಹಾಗೇ ಇತ್ತು. ಆಯಿಯ ಕೈ ಅದನ್ನು ತೆಗೆದು ತಟ್ಟೆಗೆ ಹಾಕಿತು. ಖಾಲಿಯಾದ ಜಾಗವನ್ನು ಒಮ್ಮೆ ಒರೆಸಿತು.

ಸುಂದ್ರಿ ತನ್ನ ಅಂಗೈ ನೋಡಿಕೊಂಡಳು. ಕಿತ್ತ ಕೈಯಲ್ಲಿ ಸಿಟ್ಟು ಇರಲಿಲ್ಲ. ಎಮ್ಮೆಯ ತೊಟ್ಟಿಗೆ ಸುರಿದ ಸಂಜೆ ಆ ಸಿಟ್ಟು ಇತ್ತು. ಇವತ್ತು ಇರಲಿಲ್ಲ.

ಅವಳು ಪುಟ್ಟ ಮರಿಯನ್ನು ತಟ್ಟೆಯಲ್ಲಿ ಮಲ್ಲಿಗೆಯ ಪಕ್ಕದಲ್ಲಿ ಇಟ್ಟಳು. ತಟ್ಟೆ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಹಿಂದೆ, ಆಯಿ ಹಚ್ಚಿದ ದೀಪದ ಬೆಳಕಿನಲ್ಲಿ, ರಾಜಾ ಈ ಗೋಡೆಯಿಂದ ಆ ಗೋಡೆಯ ತನಕ ಒಂದು ಸುತ್ತು ಹಾಕಿದ.